ನೊಣಗಳ ವಂಶಾವಳಿ

ವೈಶಾಖದ ಮಧ್ಯಾಹ್ನ ಹಲಸಿನ ಹಣ್ಣನ್ನು ಕೊಯ್ದು, ಕೈಗೆ ಎಣ್ಣೆ ಸವರಿಕೊಂಡು ತೊಳೆಗಳನ್ನು ಬಿಡಿಸಿ, ಉಳಿದ ಸಿಪ್ಪೆ ಗೂಂಜುಗಳನ್ನು ಹಿತ್ತಿಲ ಮೂಲೆಗೆ ಹಾಕಿ ಬಂದ ಮನೆಯಾಕೆ ಸಂಜೆಯ ಹೊತ್ತಿಗೆ ಅತ್ತ ಕಣ್ಣು ಹಾಯಿಸಿದರೆ, ಎಲ್ಲಿಂದಲೋ ಬಂದು ನೆರೆದ ಪುಟ್ಟ ನೊಣಗಳು ಆ ರಾಶಿಯ ಮೇಲೆ ಏಳುತ್ತ ಇಳಿಯುತ್ತ ಮುತ್ತಿಕೊಂಡಿರುವುದನ್ನು ಕಾಣುತ್ತಾಳೆ. ಮೈ ಕಂದು, ಕಣ್ಣು ಕೆಂಪು, ಉದ್ದ ಎರಡು ಮೂರು ಮಿಲಿಮೀಟರು. ಗುಂಗುರು ಎಂದು ಅವನ್ನೆಲ್ಲ ಒಟ್ಟಾಗಿ ಕರೆದು, ಕೈಬೀಸಿ ಅಟ್ಟಿ, ನಾವು ಮರೆತುಬಿಡುತ್ತೇವೆ. ಅದೇ ಗುಂಪನ್ನು ಬಲೆಯಲ್ಲಿ ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುವ ಪ್ರಾಣಿಶಾಸ್ತ್ರಜ್ಞನಿಗಾದರೋ ಅದರಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದಗಳು ದೊರೆಯುವುದು ಅಪರೂಪವಲ್ಲ. ಮತ್ತು ಅವುಗಳಲ್ಲಿ ಯಾವುದಕ್ಕೆ ಯಾವುದು ಹತ್ತಿರದ ದಾಯಾದಿ, ಯಾವುದು ದೂರದ ನೆಂಟ, ಇವೆಲ್ಲಕ್ಕೂ ಮೂಲಪುರುಷನಾದ ನೊಣವು ಎಷ್ಟು ಕಾಲದ ಹಿಂದೆ ಬಾಳಿತ್ತು ಎಂಬ ಪ್ರಶ್ನೆಗಳು ಅವನನ್ನು ಬಿಡದೆ ಕಾಡುತ್ತವೆ.

ದ್ವಿಪಕ್ಷಿಗಳೆಂದು ಕರೆಯಲಾಗುವ, ಎಂದರೆ ಎರಡೇ ರೆಕ್ಕೆಗಳುಳ್ಳ ಈ ಕೀಟವರ್ಗದಲ್ಲಿ ನೊಣ, ಸೊಳ್ಳೆ, ಗುಂಗುರುಗಳೆಲ್ಲ ಸೇರಿ ಇದುವರೆಗೆ ಹೆಸರಿಟ್ಟ ಪ್ರಭೇದಗಳೇ ಒಂದೂವರೆ ಲಕ್ಷವನ್ನು ಮೀರುತ್ತವೆ. ಇಷ್ಟು ದೊಡ್ಡ ಕುಟುಂಬಕ್ಕೆ ವಂಶಾವಳಿಯನ್ನು ಬರೆದಿಟ್ಟವರು ಯಾರೂ ಇಲ್ಲ. ಅದನ್ನು ನೊಣದ ದೇಹದೊಳಗೇ ಹುಡುಕಬೇಕು.

ರೂಪದ ವಂಚನೆ

ಹೊರಗಿನ ಆಕಾರವನ್ನು ನೋಡಿ ಸಂಬಂಧವನ್ನು ಹೇಳುವ ಕ್ರಮ ಹಳೆಯದು; ಬಹುಮಟ್ಟಿಗೆ ಸರಿಯಾದದ್ದೂ ಹೌದು. ರೆಕ್ಕೆಯ ನರಗಳ ವಿನ್ಯಾಸ, ಮೈಮೇಲಿನ ಬಿರುಗೂದಲುಗಳ ಸಂಖ್ಯೆ, ಗಂಡಿನ ಜನನಾಂಗದ ರಚನೆ ಇವುಗಳಿಂದಲೇ ಹಿಂದಿನವರು ನೊಣಗಳನ್ನು ಕುಲಗಳಾಗಿ ವಿಂಗಡಿಸಿದರು. ಆದರೆ ರೂಪವು ಎರಡು ವಿಧದಲ್ಲಿ ವಂಚಿಸುತ್ತದೆ.

ಮೊದಲನೆಯದು, ಬೇರೆಯಾದವು ಒಂದೇ ಎಂದು ತೋರುವುದು. ಉತ್ತರ ಅಮೆರಿಕದ ಪಶ್ಚಿಮಭಾಗದ ಕಾಡುಗಳಲ್ಲಿ ದೊರೆಯುವ, ನಮ್ಮ ಹಲಸಿನ ನೊಣಗಳ ಕುಲದ್ದೇ ಆದ ಡ್ರಾಸೊಫಿಲ ಸ್ಯೂಡೊಅಬ್ಸ್ಕ್ಯೂರ ಎಂಬ ನೊಣದಲ್ಲಿ ಎರಡು ಪಂಗಡಗಳಿರುವುದು 1920ರ ದಶಕದಲ್ಲಿ ತಿಳಿದುಬಂದಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಭೇದ ಕಾಣುತ್ತಿರಲಿಲ್ಲ; ಆದರೆ ಇವುಗಳ ಸಂಕರದಿಂದ ಹುಟ್ಟಿದ ಗಂಡುಮಕ್ಕಳು ಬಂಜೆಗಳಾಗಿರುತ್ತಿದ್ದವು. ಬಹುಕಾಲ ಇವು ಬರಿಯ ‘ಎ’ ಪಂಗಡ, ‘ಬಿ’ ಪಂಗಡ ಎಂದು ಕರೆಸಿಕೊಂಡು, ಕೊನೆಗೆ 1944ರಲ್ಲಿ ಎರಡನೆಯದಕ್ಕೆ ಡ್ರಾಸೊಫಿಲ ಪರ್ಸಿಮಿಲಿಸ್ ಎಂಬ ಪ್ರತ್ಯೇಕ ನಾಮಧೇಯ ದೊರೆಯಿತು.

ಎರಡನೆಯದು ಇದಕ್ಕೆ ವಿಪರೀತ: ಹತ್ತಿರದ ಬಂಧುಗಳು ಗುರುತು ಸಿಕ್ಕದಷ್ಟು ಮಾರ್ಪಟ್ಟಿರುವುದು. ಜೇನುಹುಳುವಿನ ಮೈಗೆ ಅಂಟಿಕೊಂಡು ಬಾಳುವ ಬ್ರಾಲ ಎಂಬ ಜೀವಿಗೆ ರೆಕ್ಕೆಯೇ ಇಲ್ಲ. ನೋಡಿದವರು ಹೇನೆಂದೇ ಭಾವಿಸಬೇಕು. ಆದರೆ 2011ರಲ್ಲಿ ದ್ವಿಪಕ್ಷಿಗಳ ಬಹುಪಾಲು ಕುಟುಂಬಗಳ ಜೀನುಗಳನ್ನು ಹೋಲಿಸಿ ರಚಿಸಿದ ದೊಡ್ಡ ವಂಶವೃಕ್ಷದಲ್ಲಿ ಈ ರೆಕ್ಕೆಗೆಟ್ಟ ಪರಾವಲಂಬಿಯು ನಮ್ಮ ಹಲಸಿನ ಸಿಪ್ಪೆಯ ನೊಣದ ಕುಟುಂಬದ ಪಕ್ಕದಲ್ಲಿಯೇ ಬಂದು ಕುಳಿತಿತು. ರೂಪವನ್ನು ಮಾತ್ರ ನಂಬಿದ್ದರೆ ಈ ನೆಂಟಸ್ತಿಕೆ ಯಾರ ಊಹೆಗೂ ಬರುತ್ತಿರಲಿಲ್ಲ.

ಗುರುತು ಎಂಬುದು

ಹಳಗನ್ನಡ ಕಾವ್ಯವೊಂದರ ಓಲೆಗರಿಯ ಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸರು, ಯಾವ ಪ್ರತಿಯಿಂದ ಯಾವ ಪ್ರತಿ ನಕಲಾಯಿತು ಎಂಬುದನ್ನು ತಿಳಿಯಲು, ಶುದ್ಧವಾದ ಪಾಠಗಳಿಗಿಂತ ತಪ್ಪುಗಳನ್ನೇ ಹೆಚ್ಚಾಗಿ ಆಶ್ರಯಿಸುತ್ತಾರೆ; ಏಕೆಂದರೆ ಸರಿಯಾದ ಪಾಠ ಎಲ್ಲ ಪ್ರತಿಗಳಲ್ಲಿಯೂ ಇರಬಹುದಾದರೆ, ಒಬ್ಬ ಲಿಪಿಕಾರನು ಒಮ್ಮೆ ಮಾಡಿದ ವಿಲಕ್ಷಣವಾದ ತಪ್ಪು ಅವನ ಪ್ರತಿಯನ್ನು ನೋಡಿ ಬರೆದವರಲ್ಲಿ ಮಾತ್ರ ಮುಂದುವರಿಯುತ್ತದೆ. ಆನುವಂಶಿಕ ಗುರುತುಗಳ ಶಾಸ್ತ್ರಕ್ಕೆ ಆಧಾರವಾದ ತತ್ತ್ವವೂ ಇದೇ. ಜೀವಿಯು ತನ್ನ ವಂಶದ್ರವ್ಯವನ್ನು ಮಕ್ಕಳಿಗೆ ನಕಲು ಮಾಡಿ ಕೊಡುವಾಗ ಎಲ್ಲೋ ಒಂದು ಕಡೆ ಬದಲಾವಣೆಯಾಗುತ್ತದೆ. ಅದು ಪ್ರಾಣಕ್ಕೆ ಅಪಾಯಕರವಲ್ಲದಿದ್ದರೆ ಮುಂದಿನ ಪೀಳಿಗೆಗಳಿಗೂ ಸಾಗುತ್ತದೆ. ಅಂಥ ಬದಲಾವಣೆಯನ್ನು ಹಂಚಿಕೊಂಡಿರುವ ಎರಡು ನೊಣಗಳಿಗೆ, ಅದು ಮೊದಲು ಸಂಭವಿಸಿದ ಒಬ್ಬ ಪೂರ್ವಜನು ಇದ್ದಿರಬೇಕೆಂದು ನಾವು ಅನುಮಾನಿಸುತ್ತೇವೆ.

ಆದ್ದರಿಂದ ಒಳ್ಳೆಯ ಗುರುತಿಗೆ ಬೇಕಾದ ಮುಖ್ಯ ಲಕ್ಷಣವೆಂದರೆ, ಅದು ಎರಡು ಕಡೆಗಳಲ್ಲಿ ಸ್ವತಂತ್ರವಾಗಿ ಹುಟ್ಟುವ ಸಂಭವ ತೀರ ಕಡಿಮೆಯಾಗಿರಬೇಕು. ನೊಣಗಳ ಸುಕೃತವೋ ಶಾಸ್ತ್ರಜ್ಞರ ಸುಕೃತವೋ, ಅಂಥ ಗುರುತುಗಳು ಡಿಎನ್‌ಎ ಓದುವ ವಿದ್ಯೆ ಹುಟ್ಟುವುದಕ್ಕೆ ದಶಕಗಳ ಮೊದಲೇ ಕಣ್ಣಿಗೆ ಬಿದ್ದವು.

ಲಾಲಾಗ್ರಂಥಿಯ ಪಟ್ಟೆಗಳು

ಸೀಸೆಯಲ್ಲಿ ಸಾಕಿದ ನೊಣದ ಮರಿಹುಳು ಬಲಿತು, ಆಹಾರವನ್ನು ಬಿಟ್ಟು ಗಾಜಿನ ಗೋಡೆಯನ್ನು ಹತ್ತಲು ತೊಡಗಿದಾಗ ಅದನ್ನು ತೆಗೆದು, ಉಪ್ಪುನೀರಿನ ಹನಿಯಲ್ಲಿಟ್ಟು, ಒಂದು ಸೂಜಿಯಿಂದ ಮೈಯನ್ನು ಅದುಮಿ ಹಿಡಿದು ಇನ್ನೊಂದರಿಂದ ತಲೆಯನ್ನು ಮೆಲ್ಲನೆ ಎಳೆದರೆ, ತಲೆಯ ಜೊತೆಗೆ ಎರಡು ಪಾರದರ್ಶಕ ಚೀಲಗಳು ಜಾರಿ ಹೊರಬರುತ್ತವೆ. ಇವೇ ಲಾಲಾಗ್ರಂಥಿಗಳು. ಇವಕ್ಕೆ ಬಣ್ಣ ಹಾಕಿ, ಮೇಲೆ ತೆಳುವಾದ ಗಾಜನ್ನು ಹೊದಿಸಿ, ಒತ್ತುಕಾಗದವಿಟ್ಟು ಹೆಬ್ಬೆರಳಿನಿಂದ ಒತ್ತಿದಾಗ ಕೋಶಗಳು ಒಡೆದು, ವಂಶದ್ರವ್ಯವನ್ನು ಹೊತ್ತ ವರ್ಣತಂತುಗಳು ಹರಡಿಕೊಳ್ಳುತ್ತವೆ. ಒತ್ತುವಾಗ ಗಾಜು ಎಳ್ಳಷ್ಟು ಸರಿದರೂ ಕೆಲಸ ಕೆಟ್ಟಿತು. ತಂತುಗಳು ಹರಿದು ಸಿಕ್ಕುಗಟ್ಟುತ್ತವೆ.

ಸಾಮಾನ್ಯ ಕೋಶದ ವರ್ಣತಂತುಗಳು ಅತ್ಯಂತ ಸೂಕ್ಷ್ಮವಾದವು. ಈ ಗ್ರಂಥಿಯ ಕೋಶಗಳಲ್ಲಿಯಾದರೋ, ಕೋಶ ವಿಭಜನೆಯಾಗದೆ ಡಿಎನ್‌ಎ ಮಾತ್ರ ಮತ್ತೆ ಮತ್ತೆ ಇಮ್ಮಡಿಸಿ, ಸಾವಿರದಷ್ಟು ಎಳೆಗಳು ಪಕ್ಕಪಕ್ಕದಲ್ಲಿ ಹೊಂದಿಕೊಂಡು, ಉದ್ದಕ್ಕೂ ಕಪ್ಪು ಬಿಳಿ ಅಡ್ಡಪಟ್ಟೆಗಳುಳ್ಳ ದಪ್ಪನೆಯ ದೈತ್ಯತಂತುಗಳಾಗಿ ಕಾಣುತ್ತವೆ. ಬಾಲ್ಬಿಯಾನಿ ಎಂಬ ಪಂಡಿತನು 1881ರಲ್ಲಿಯೇ ಇನ್ನೊಂದು ಕೀಟದಲ್ಲಿ ಇವನ್ನು ಕಂಡಿದ್ದನಾದರೂ, ಇವುಗಳ ಮಹತ್ತ್ವವನ್ನು ಮನಗಂಡು ಡ್ರಾಸೊಫಿಲದಲ್ಲಿ ಬಳಕೆಗೆ ತಂದವನು ಟೆಕ್ಸಾಸಿನ ಪೇಂಟರ್; ಅದು 1933ರಲ್ಲಿ. ಎರಡು ವರ್ಷಗಳಲ್ಲಿ ಬ್ರಿಜಸ್ ಎಂಬ ಶಾಸ್ತ್ರಜ್ಞನು ಪ್ರಯೋಗಾಲಯಗಳಲ್ಲಿ ಸಾಕುವ ಡ್ರಾಸೊಫಿಲ ಮೆಲನೊಗ್ಯಾಸ್ಟರಿನ ಪಟ್ಟೆಗಳ ನಕ್ಷೆಯನ್ನು ಬರೆದು ಪ್ರಕಟಿಸಿದನು. ಸಾವಿರಾರು ಪಟ್ಟೆಗಳನ್ನು ಬರಿಗೈಯಿಂದ ಚಿತ್ರಿಸಿದ ಆ ಸಹನೆಗೆ ನಾನು ತಲೆಬಾಗುತ್ತೇನೆ.

ಒಂಬತ್ತು ಅಕ್ಷರಗಳ ತರ್ಕ

ವರ್ಣತಂತುವೊಂದು ಎರಡು ಕಡೆ ಮುರಿದು, ನಡುವಿನ ತುಂಡು ತಲೆಕೆಳಗಾಗಿ ಮತ್ತೆ ಸೇರಿಕೊಳ್ಳುವುದುಂಟು. ಇದನ್ನು ವಿಲೋಮ ಎನ್ನೋಣ. ಪಟ್ಟೆಗಳ ಕ್ರಮ ತಿರುಗುಮುರುಗಾಗಿರುವುದರಿಂದ ಇದು ಕಣ್ಣಿಗೆ ಕಾಣುತ್ತದೆ. ತಂದೆಯಿಂದ ಒಂದು ಕ್ರಮವನ್ನೂ ತಾಯಿಯಿಂದ ಇನ್ನೊಂದನ್ನೂ ಪಡೆದ ಮರಿಹುಳುವಿನಲ್ಲಂತೂ ಎರಡು ತಂತುಗಳು ಪಟ್ಟೆಗೆ ಪಟ್ಟೆ ಹೊಂದಿಸಿಕೊಳ್ಳುವ ಪ್ರಯತ್ನದಲ್ಲಿ ಸುತ್ತಿಕೊಂಡು ದೊಡ್ಡ ಕುಣಿಕೆಯೊಂದನ್ನು ರಚಿಸುತ್ತವೆ. ಸಾವಿರಾರು ಪಟ್ಟೆಗಳ ನಡುವೆ ಅದೇ ಎರಡು ತಾಣಗಳಲ್ಲಿ ಎರಡನೆಯ ಸಲವೂ ತಂತು ಮುರಿಯುವುದು ಅತಿ ವಿರಳವಾದ್ದರಿಂದ, ಒಳ್ಳೆಯ ಗುರುತಿನ ಲಕ್ಷಣ ಇಲ್ಲಿ ಪೂರ್ಣವಾಗಿದೆ.

ಇನ್ನು ತರ್ಕವನ್ನು ನೋಡಿ. ಒಂದು ನೊಣದಲ್ಲಿ ಪಟ್ಟೆಗಳ ಕ್ರಮ ಕ ಖ ಗ ಘ ಙ ಚ ಛ ಜ ಝ ಎಂದಿರಲಿ. ಎರಡನೆಯದರಲ್ಲಿ ಕ ಙ ಘ ಗ ಖ ಚ ಛ ಜ ಝ ಎಂದಿದೆ. ಖದಿಂದ ಙವರೆಗಿನ ತುಂಡು ತಿರುಗಿದೆ. ಮೂರನೆಯದರಲ್ಲಿ ಕ ಙ ಜ ಛ ಚ ಖ ಗ ಘ ಝ. ಎರಡನೆಯ ಕ್ರಮದಲ್ಲಿ ಘದಿಂದ ಜವರೆಗಿನ ತುಂಡನ್ನು ತಿರುಗಿಸಿದರೆ ಮೂರನೆಯದು ಸಿದ್ಧ. ಆದರೆ ಮೊದಲನೆಯದನ್ನು ಒಂದೇ ತಿರುವಿನಿಂದ ಮೂರನೆಯದಾಗಿ ಮಾರ್ಪಡಿಸಲು ಸಾಧ್ಯವೇ ಇಲ್ಲ. ಎಂದ ಮೇಲೆ ಎರಡನೆಯ ಕ್ರಮವು ಒಂದಕ್ಕೂ ಮೂರಕ್ಕೂ ನಡುವಿನ ಕೊಂಡಿಯೆಂಬುದು ಸಿದ್ಧವಾಯಿತು. ಓದುಗರು ಕಾಗದದ ಮೇಲೆ ಒಮ್ಮೆ ಮಾಡಿ ನೋಡಬಹುದು.

ಕ್ಯಾಲಿಫೋರ್ನಿಯದಲ್ಲಿದ್ದ ಸ್ಟರ್ಟೆವಂಟ್ ಮತ್ತು ಡಾಬ್‌ಜಾನ್ಸ್ಕಿ ಎಂಬ ಇಬ್ಬರು ವಿಜ್ಞಾನಿಗಳು 1936ರಲ್ಲಿ ಈ ತರ್ಕವನ್ನು ಮೇಲೆ ಹೇಳಿದ ಸ್ಯೂಡೊಅಬ್ಸ್ಕ್ಯೂರದ ಮೂರನೆಯ ವರ್ಣತಂತುವಿಗೆ ಅನ್ವಯಿಸಿದರು. ಸಾಂಟ ಕ್ರೂಜ್, ಪೈಕ್ಸ್ ಪೀಕ್, ಆ್ಯರೋಹೆಡ್ ಎಂದು ನೊಣ ದೊರೆತ ಊರು ಬೆಟ್ಟಗಳ ಹೆಸರನ್ನೇ ಒಂದೊಂದು ಕ್ರಮಕ್ಕೆ ಇಟ್ಟು, ಅವುಗಳನ್ನೆಲ್ಲ ಒಂದು ಸರಪಣಿಯಲ್ಲಿ ಜೋಡಿಸಿದಾಗ ಒಂದೆಡೆ ಕೊಂಡಿ ಕಳಚಿತ್ತು. ಜೀವಂತ ನೊಣದಲ್ಲಿ ಕಾಣದ ಒಂದು ಕ್ರಮ ಹಿಂದೆ ಇದ್ದಿರಲೇಬೇಕೆಂದು ನಿಶ್ಚಯಿಸಿ, ಅದಕ್ಕೆ ‘ಊಹಿತ’ ಎಂಬರ್ಥದ ಹೆಸರನ್ನು ಕೊಟ್ಟು ಅವರು ವೃಕ್ಷದಲ್ಲಿ ಸ್ಥಾನ ಕಲ್ಪಿಸಿದರು. ಆನುವಂಶಿಕ ಗುರುತುಗಳಿಂದ ವಂಶವೃಕ್ಷವನ್ನು ಕಟ್ಟಿದ ಮೊದಮೊದಲ ನಿದರ್ಶನಗಳಲ್ಲಿ ಇದು ಅಗ್ರಗಣ್ಯವಾದದ್ದು. ಮುಂದೆ ಬಂದ ಯಂತ್ರಸಾಹಸಗಳೆಲ್ಲದರ ಎದುರಿಗೆ ನಿಲ್ಲಿಸಿದರೂ ಇದರ ಸೊಗಸು ಮಾಸುವುದಿಲ್ಲವೆಂದು ನನ್ನ ಅಭಿಪ್ರಾಯ.

ಈ ತರ್ಕಕ್ಕೆ ಒಂದು ಮಿತಿಯೂ ಉಂಟು. ಯಾವುದು ನಡುವಿನದು ಎಂಬುದನ್ನು ಅದು ಹೇಳುತ್ತದೆಯೇ ಹೊರತು ಯಾವುದು ಮೊದಲಿನದು ಎಂಬುದನ್ನು ಹೇಳುವುದಿಲ್ಲ. ಸರಪಣಿಯನ್ನು ಯಾವ ತುದಿಯಿಂದ ಓದಬೇಕೆಂಬುದಕ್ಕೆ ಹೊರಗಿನ ಸಾಕ್ಷ್ಯ ಬೇಕು.

ದ್ವೀಪಗಳ ವಯಸ್ಸು

ಅಂಥ ಸಾಕ್ಷ್ಯವನ್ನು ಪ್ರಕೃತಿಯು ಒದಗಿಸಿರುವುದು ಹವಾಯಿಯಲ್ಲಿ. ಶಾಂತಸಾಗರದ ನಡುವೆ ಜ್ವಾಲಾಮುಖಿಗಳಿಂದ ಒಂದರ ನಂತರ ಒಂದಾಗಿ ಎದ್ದ ಈ ದ್ವೀಪಗಳಲ್ಲಿ ವಾಯವ್ಯದ ಕವಾಯಿಯು ಸುಮಾರು ಐವತ್ತು ಲಕ್ಷ ವರ್ಷಗಳದು; ಆಗ್ನೇಯದ ಹವಾಯಿ ದ್ವೀಪಕ್ಕೆ ಇನ್ನೂ ಹತ್ತು ಲಕ್ಷವೂ ತುಂಬಿಲ್ಲ. ದ್ವೀಪ ಹುಟ್ಟುವ ಮೊದಲು ಅಲ್ಲಿ ನೊಣ ಇರಲಾರದಾದ್ದರಿಂದ, ವಂಶಾವಳಿಗೆ ಇಲ್ಲಿ ಒಂದು ಕಾಲಮಾನ ತಾನಾಗಿ ಸಿಕ್ಕಿತು.

1963ರಲ್ಲಿ ಆರಂಭವಾದ ಹವಾಯಿ ಡ್ರಾಸೊಫಿಲ ಯೋಜನೆಯಲ್ಲಿ ಹ್ಯಾಂಪ್ಟನ್ ಕಾರ್ಸನ್ ಎಂಬ ವಿಜ್ಞಾನಿಯು, ರೆಕ್ಕೆಗಳ ಮೇಲೆ ಚಿತ್ತಾರವುಳ್ಳ ದೊಡ್ಡ ನೊಣಗಳನ್ನು ಕೈಗೆತ್ತಿಕೊಂಡು, ಇಪ್ಪತ್ತು ವರ್ಷಗಳ ಶ್ರಮದ ಫಲವಾಗಿ 1983ರಲ್ಲಿ 103 ಪ್ರಭೇದಗಳ ಸಂಬಂಧವನ್ನು ಇನ್ನೂರಕ್ಕೂ ಹೆಚ್ಚಿನ ವಿಲೋಮಗಳ ಆಧಾರದಿಂದ ಬಿಡಿಸಿಟ್ಟನು. ಇವುಗಳಲ್ಲಿ ಮೂರನ್ನು ಬಿಟ್ಟು ಉಳಿದವೆಲ್ಲ ಒಂದೊಂದು ದ್ವೀಪಕ್ಕೆ ಅಥವಾ ಒಂದೊಂದು ದ್ವೀಪಸಮೂಹಕ್ಕೆ ಸೀಮಿತವಾದವು. ಕಿರಿಯ ದ್ವೀಪವಾದ ಹವಾಯಿಯ 26 ಪ್ರಭೇದಗಳು 19 ಆಗಂತುಕರ ಸಂತತಿಯೆಂದೂ, ಆ ಆಗಂತುಕರಲ್ಲಿ ಹೆಚ್ಚಿನವರು ನೆರೆಯ ಮಾವಿ ದ್ವೀಪಸಮೂಹದಿಂದ ಬಂದವರೆಂದೂ ಅವನ ಲೆಕ್ಕ. ಗರ್ಭ ಧರಿಸಿದ ಒಂದೇ ಒಂದು ಹೆಣ್ಣು ಗಾಳಿಗೆ ಸಿಕ್ಕಿ ಕಡಲನ್ನು ದಾಟಿದರೂ ಒಂದು ವಂಶ ನೆಲೆಗೊಳ್ಳಲು ಸಾಕಾಗಬಹುದೆಂಬ ವಾದ ಈ ನೊಣಗಳ ಅಧ್ಯಯನದಿಂದಲೇ ಬಲಗೊಂಡಿತು.

ಆದರೆ ಇದೇ ಹವಾಯಿ ದ್ವೀಪದಲ್ಲಿ ವಿಲೋಮಗಳು ಕೈಕೊಟ್ಟ ಪ್ರಸಂಗವೂ ಇದೆ. ಡ್ರಾಸೊಫಿಲ ಹೆಟರೊನ್ಯೂರದ ಗಂಡಿನ ತಲೆ ಎರಡು ಕಡೆಗೂ ವಿಲಕ್ಷಣವಾಗಿ ಅಗಲಗೊಂಡಿದೆ. ಅದರ ಸೋದರ ಪ್ರಭೇದವಾದ ಸಿಲ್ವೆಸ್ಟ್ರಿಸಿನ ತಲೆ ಎಲ್ಲ ನೊಣಗಳಂತೆ. ನೋಡಿದೊಡನೆ ಬೇರೆಯೆಂದು ಹೇಳಬಹುದಾದ ಈ ಎರಡರ ಪಟ್ಟೆಗಳ ಮೂಲಕ್ರಮ ಮಾತ್ರ ಒಂದೇ. ತೀರ ಈಚೆಗೆ ಬೇರ್ಪಟ್ಟವರ ನಡುವೆ ವಿಲೋಮ ಸಂಭವಿಸುವಷ್ಟು ಅವಕಾಶವೇ ಆಗಿರುವುದಿಲ್ಲ. ಇನ್ನೂ ಸೂಕ್ಷ್ಮವಾದ ಗುರುತುಗಳು ಬೇಕಾದವು.

ಪ್ರೋಟೀನಿನಿಂದ ಡಿಎನ್‌ಎಗೆ

1966ರಲ್ಲಿ ಷಿಕಾಗೊ ನಗರದಲ್ಲಿ ಲೆವಾಂಟಿನ್ ಮತ್ತು ಹಬಿ ಎಂಬವರು ನೊಣವನ್ನು ಅರೆದು, ಆ ರಸವನ್ನು ಲೋಳೆಯಂಥ ಪದರದ ಒಂದು ಅಂಚಿನಲ್ಲಿಟ್ಟು ವಿದ್ಯುತ್ತನ್ನು ಹರಿಸಿದರು. ಒಂದೇ ಕಿಣ್ವದ ಭಿನ್ನರೂಪಗಳು ಭಿನ್ನವೇಗದಿಂದ ಸರಿದು ಬೇರೆ ಬೇರೆ ಗೆರೆಗಳಾಗಿ ನಿಲ್ಲುತ್ತವೆ. ಪರೀಕ್ಷಿಸಿದ ಜೀನುಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಹೀಗೆ ಬಹುರೂಪಿಯಾಗಿರುವುದನ್ನು ಕಂಡು ವಿದ್ವಲ್ಲೋಕ ಬೆರಗಾಯಿತು.

1983ರಲ್ಲಿ ಕ್ರೈಟ್‌ಮನ್ ಎಂಬ ತರುಣನು, ಹುಳಿತ ಹಣ್ಣಿನ ಮದ್ಯಸಾರವನ್ನು ಜೀರ್ಣಿಸಲು ನೊಣಕ್ಕೆ ನೆರವಾಗುವ ಕಿಣ್ವದ ಜೀನನ್ನು ಹನ್ನೊಂದು ಪ್ರತಿಗಳಲ್ಲಿ ಅಕ್ಷರಶಃ ಓದಿದನು. 43 ಸ್ಥಾನಗಳಲ್ಲಿ ಭೇದಗಳಿದ್ದವು. ಅವುಗಳಲ್ಲಿ ಪ್ರೋಟೀನಿನ ರಚನೆಯನ್ನು ಬದಲಿಸುವಂಥದು ಒಂದೇ ಒಂದು. ಉಳಿದ 42 ಭೇದಗಳು ಪ್ರೋಟೀನಿನ ಪರೀಕ್ಷೆಗೆ ಎಂದೂ ಸಿಕ್ಕದೆ, ನೊಣದ ರೂಪವನ್ನು ಬದಲಿಸದೆ, ಮೌನವಾಗಿ ಪೀಳಿಗೆಯಿಂದ ಪೀಳಿಗೆಗೆ ಸಾಗುತ್ತಿದ್ದವು. ಬದುಕಿನ ಒತ್ತಡಗಳಿಗೆ ಅಷ್ಟಾಗಿ ಸಿಲುಕದ ಇಂಥ ಬದಲಾವಣೆಗಳೇ ವಂಶ ಸಂಶೋಧಕನಿಗೆ ಹೆಚ್ಚು ಪ್ರಯೋಜನಕರ. ಮೆಲನೊಗ್ಯಾಸ್ಟರಿನ ಸಂಪೂರ್ಣ ಜೀನೋಮು 2000ದಲ್ಲಿಯೂ, ಹನ್ನೆರಡು ಪ್ರಭೇದಗಳ ತೌಲನಿಕ ಅಧ್ಯಯನ 2007ರಲ್ಲಿಯೂ ಪ್ರಕಟವಾದವು.

ಕಾಲಗಣನೆ ಮಾತ್ರ ಇಂದಿಗೂ ವಿವಾದಗಳಿಂದ ಮುಕ್ತವಾಗಿಲ್ಲ. ಹವಾಯಿಯ ನೊಣಗಳ ವಂಶಕ್ಕೆ ಪ್ರೋಟೀನುಗಳ ಹೋಲಿಕೆಯಿಂದ 1985ರಲ್ಲಿ ನಾಲ್ಕು ಕೋಟಿ ವರ್ಷಗಳಿಗೂ ಹೆಚ್ಚಿನ ವಯಸ್ಸನ್ನು ಹೇಳಲಾಯಿತು. ಡಿಎನ್‌ಎ ಆಧಾರದ ನಂತರದ ಲೆಕ್ಕಗಳು ಅದನ್ನು ಸುಮಾರು ಎರಡೂವರೆ ಕೋಟಿಗೆ ಇಳಿಸಿದವು. ಹೇಗಿದ್ದರೂ ಈಗಿರುವ ಕವಾಯಿಗಿಂತ ಆ ವಂಶ ಹಳೆಯದು. ಅದರ ಮೊದಲ ನೆಲೆಯಾಗಿದ್ದ ದ್ವೀಪಗಳು ಸವೆದು ಕಡಲಿನಲ್ಲಿ ಮುಳುಗಿಹೋಗಿವೆ.

ಸಾಕ್ಷಿಗಳು ಒಪ್ಪದಾಗ

ಅಕ್ಷರಗಳು ಲಕ್ಷಗಟ್ಟಲೆ ದೊರೆತ ಮೇಲೆ ವಂಶವೃಕ್ಷದ ಸಂದೇಹಗಳೆಲ್ಲ ತೀರಿಹೋಗುವುವೆಂದು ನಿರೀಕ್ಷಿಸಿದವರು ಬಹುಮಂದಿ. ನಡೆದದ್ದು ಬೇರೆ. ಮೆಲನೊಗ್ಯಾಸ್ಟರಿನ ಹತ್ತಿರದ ನೆಂಟರಲ್ಲಿ ಸಿಮುಲನ್ಸ್ ಲೋಕದಲ್ಲೆಲ್ಲ ಹರಡಿದೆ. ಮಾರಿಷಿಯಾನ ಮಾರಿಷಸ್ ದ್ವೀಪದ್ದು. ಸೆಷೆಲಿಯ ಸೀಷೆಲ್ಸ್ ದ್ವೀಪಗಳಲ್ಲಿ, ಇತರ ನೊಣಗಳಿಗೆ ವಿಷವಾದ ನೋನಿ ಹಣ್ಣನ್ನೇ ನೆಚ್ಚಿ ಬಾಳುತ್ತದೆ. ಈ ಮೂರರಲ್ಲಿ ಯಾವ ಎರಡು ಹೆಚ್ಚು ಹತ್ತಿರದವು ಎಂದು ಕೇಳಿದರೆ ಒಂದು ಜೀನು ಒಂದು ಉತ್ತರವನ್ನು ಕೊಡುತ್ತದೆ, ಇನ್ನೊಂದು ಜೀನು ಇನ್ನೊಂದನ್ನು.

ಇದು ಅಳತೆಯ ದೋಷವಲ್ಲ. ಪೂರ್ವಜರ ಸಮುದಾಯದಲ್ಲಿ ಒಂದೊಂದು ಜೀನಿಗೂ ಹಲವು ಭಿನ್ನರೂಪಗಳಿದ್ದು, ಕವಲುಗಳು ಬೇಗ ಬೇಗನೆ ಒಡೆದಾಗ, ಯಾವ ರೂಪ ಯಾವ ಕವಲಿನಲ್ಲಿ ಉಳಿಯಿತೆಂಬುದು ಬಹುಮಟ್ಟಿಗೆ ಆಕಸ್ಮಿಕವಾಗುತ್ತದೆ. ಜೊತೆಗೆ, ಬೇರ್ಪಟ್ಟ ಪ್ರಭೇದಗಳ ನಡುವೆ ಅಪರೂಪಕ್ಕೊಮ್ಮೆ ಸಂಕರ ನಡೆದು ಜೀನುಗಳು ಗಡಿ ದಾಟುತ್ತವೆ. ಸ್ಯೂಡೊಅಬ್ಸ್ಕ್ಯೂರ ಪರ್ಸಿಮಿಲಿಸ್‌ಗಳ ಗಂಡುಸಂಕರ ಬಂಜೆಯಾದರೂ ಹೆಣ್ಣು ಬಂಜೆಯಲ್ಲ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಆ ಹೆಣ್ಣುಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ಹರಿದಿರುವುದಕ್ಕೆ 1983ರಲ್ಲಿಯೇ ಪುರಾವೆ ದೊರೆಯಿತು. ಪ್ರತಿಯೊಂದು ಗುರುತೂ ತನ್ನ ಚರಿತ್ರೆಯನ್ನಷ್ಟೇ ಹೇಳಬಲ್ಲದು, ನೊಣದ ಚರಿತ್ರೆಯನ್ನಲ್ಲ. ಎರಡನ್ನೂ ಒಂದೇ ಎಂದು ಬಗೆದದ್ದರಿಂದ ಹುಟ್ಟಿದ ಗೊಂದಲಗಳು ಈ ಶಾಸ್ತ್ರದಲ್ಲಿ ಕಡಿಮೆಯೇನಲ್ಲ.

ಹಾಗಾದರೆ ಬಹುಮತದಿಂದ ತೀರ್ಮಾನಿಸೋಣವೆಂದರೆ ಅದೂ ನಡೆಯದು. ಆಫ್ರಿಕದ ಮಲೇರಿಯಾ ಸೊಳ್ಳೆಗಳ ಜೀನೋಮುಗಳನ್ನು 2015ರಲ್ಲಿ ಹೋಲಿಸಿದಾಗ ಜೀನೋಮಿನ ಬಹುಭಾಗ ಅನಾಫಿಲಿಸ್ ಗ್ಯಾಂಬಿಯೆಯನ್ನೂ ಅರೇಬಿಯೆನ್ಸಿಸನ್ನೂ ಹತ್ತಿರದ ಬಂಧುಗಳೆಂದು ಸಾರಿತು; ಎಕ್ಸ್ ವರ್ಣತಂತು ಒಂದೇ ಅಲ್ಲವೆಂದಿತು. ಬಹುಭಾಗದ ಸಾಮ್ಯ ಸಂಕರದಿಂದ ಬಂದದ್ದೆಂದೂ, ಪ್ರಭೇದಗಳು ನಿಜವಾಗಿ ಕವಲೊಡೆದ ಕ್ರಮ ಎಕ್ಸ್ ತಂತುವಿನಲ್ಲಿ ಉಳಿದಿದೆಯೆಂದೂ ಸಂಶೋಧಕರು ನಿರ್ಣಯಿಸಿದರು.

ಮಾನಸಗಂಗೋತ್ರಿಯ ಸೀಸೆಗಳು

ಸಂಕರದಿಂದ ಏನೇನಾಗಬಹುದೆಂಬುದನ್ನು ಕಣ್ಣೆದುರಿಗೇ ನಡೆಸಿ ನೋಡಿದ ಪ್ರಯೋಗವೊಂದು ನಮ್ಮ ಮೈಸೂರಿನಲ್ಲಿ ಜರುಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಡ್ರಾಸೊಫಿಲ ತಳಿಗಳನ್ನು ಕಾಪಾಡುವ ಕೇಂದ್ರವಿದೆ. ರವೆ, ಬೆಲ್ಲ, ಅಗರ್ ಇವನ್ನು ನೀರಿನಲ್ಲಿ ಬೇಯಿಸಿ, ಬೂಷ್ಟು ಹಿಡಿಯದಂತೆ ಪ್ರೊಪಿಯಾನಿಕ್ ಆಮ್ಲವನ್ನು ಬೆರೆಸಿ, ಸೀಸೆಗೆ ಹೊಯ್ದು ಆರಿಸಿ, ಮೇಲೆ ಯೀಸ್ಟನ್ನು ಹಾಕಿ ಹತ್ತಿಯ ಬಿರಡೆಯನ್ನಿಟ್ಟರೆ ನೊಣಗಳಿಗೆ ಅನ್ನ ಮತ್ತು ಮನೆ ಎರಡೂ ಸಿದ್ಧ.

ಕೊಡಗಿನಿಂದ ಬಂದ ಡ್ರಾಸೊಫಿಲ ನಾಸುಟದಲ್ಲಿ ವರ್ಣತಂತುಗಳು ಎಂಟು; ಜಪಾನಿನ ಓಕಿನಾವದಿಂದ ತಂದ ಆಲ್ಬೊಮಿಕನ್ಸಿನಲ್ಲಿ ಆರು. ಎರಡನೆಯದರಲ್ಲಿ ಮೂರನೆಯ ತಂತು ಲಿಂಗತಂತುಗಳೊಡನೆ ಬೆಸೆದುಕೊಂಡಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಆದಾಗ್ಯೂ ಪ್ರಯೋಗಾಲಯದಲ್ಲಿ ಇವು ಕೂಡಿ ಫಲವಂತ ಸಂತತಿಯನ್ನು ಪಡೆಯುತ್ತವೆ. ಎನ್. ಬಿ. ರಾಮಚಂದ್ರ ಮತ್ತು ಎಚ್. ಎ. ರಂಗನಾಥ್ ಅವರು ಈ ಸಂಕರಗಳನ್ನು ಪೀಳಿಗೆಗಳ ಪರ್ಯಂತ ಬೆಳೆಸಿ, ಎರಡೂ ತವರುಗಳ ತಂತುಗಳು ಹೊಸ ರೀತಿಯಲ್ಲಿ ಕೂಡಿಕೊಂಡು ಸ್ಥಿರಗೊಂಡ ನೂತನ ಪಂಗಡಗಳನ್ನು 1986ರಿಂದ ಮೊದಲ್ಗೊಂಡು ವರದಿ ಮಾಡಿದರು. ಅವುಗಳಲ್ಲಿ ಮೊದಲನೆಯದರಲ್ಲಿ ಗಂಡಿಗೆ ಏಳು ತಂತುಗಳು, ಹೆಣ್ಣಿಗೆ ಆರು. ಸೀಸೆಯ ಮೇಲಿನ ಚೀಟಿಯನ್ನು ಕಾಣದ ಅಪರಿಚಿತನೊಬ್ಬನು ತಂತುಗಳ ಸಂಖ್ಯೆಯೊಂದರಿಂದಲೇ ಈ ನೊಣಗಳ ವಂಶವನ್ನು ಹೇಳಹೊರಟರೆ, ಒಂದೇ ತಾಯಿಬೇರನ್ನು ಹುಡುಕುತ್ತ ಎರಡು ಬೇರುಗಳಿರುವುದನ್ನು ಕಾಣದೆಹೋಗುವ ಸಂಭವ ಬಹಳ.

ಸೊಳ್ಳೆ, ಮಾವು

ಇದೆಲ್ಲ ಪಂಡಿತರ ವಿನೋದವೆಂದು ತೋರಬಹುದು; ಆದರೆ ಇದಕ್ಕೆ ವ್ಯಾವಹಾರಿಕ ಬೆಲೆಯೂ ಉಂಟು. ನಮ್ಮ ದೇಶದ ಹಳ್ಳಿಗಾಡಿನಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಯಾದ ಅನಾಫಿಲಿಸ್ ಕ್ಯುಲಿಸಿಫೇಸೀಸ್ ಒಂದು ಪ್ರಭೇದವಲ್ಲ, ಐದು, ಹೊರನೋಟಕ್ಕೆ ಒಂದೇ. ಹೆಣ್ಣುಸೊಳ್ಳೆಯ ಅಂಡಾಶಯದ ದೈತ್ಯತಂತುಗಳ ವಿಲೋಮಗಳಿಂದ ಇವುಗಳಲ್ಲಿ ಬಹುಪಾಲನ್ನು ಪ್ರತ್ಯೇಕಿಸಿದಾಗ, ‘ಬಿ’ ಎಂಬುದು ರೋಗವನ್ನು ಹರಡುವುದರಲ್ಲಿ ತೀರ ದುರ್ಬಲವೆಂದು ತಿಳಿಯಿತು. ಆ ಸೊಳ್ಳೆಯೊಂದೇ ಇರುವ ಊರಿನಲ್ಲಿ ಅದನ್ನು ಎಣಿಸಿ ಔಷಧ ಸಿಂಪಡಿಸುವುದು ಹಣವನ್ನು ಗಾಳಿಗೆ ತೂರಿದಂತೆಯೇ ಸರಿ.

ಮಾವಿನ ಬೆಳೆಗಾರರ ವೈರಿಯಾದ ಬ್ಯಾಕ್ಟ್ರೊಸೆರ ಡಾರ್ಸಾಲಿಸಿನ ಕಥೆ ಇದಕ್ಕೆ ವ್ಯತಿರಿಕ್ತ. 2003ರಲ್ಲಿ ಕೆನ್ಯದಲ್ಲಿ ಕಾಣಿಸಿಕೊಂಡ ಹಣ್ಣುನೊಣವನ್ನು ಎರಡು ವರ್ಷಗಳ ಅನಂತರ ಇನ್ವಾಡೆನ್ಸ್ ಎಂಬ ಹೊಸ ಪ್ರಭೇದವೆಂದು ಹೆಸರಿಸಲಾಗಿ, ದೇಶದೇಶಗಳು ಹಣ್ಣಿನ ಆಮದಿಗೆ ಅದರ ಹೆಸರಿನಲ್ಲಿ ನಿರ್ಬಂಧಗಳನ್ನು ಹೇರಿದವು. ಡಿಎನ್‌ಎ, ರೂಪ, ಸಂಯೋಗ ಇವೆಲ್ಲವನ್ನೂ ಪರಿಶೀಲಿಸಿದ ಮೇಲೆ 2015ರಲ್ಲಿ ಅದು ನಮ್ಮ ಹಳೆಯ ಡಾರ್ಸಾಲಿಸೇ ಎಂದು ವಿದ್ವಾಂಸರು ಸಾರಿದರು.

ಹೆಸರಿನ ವ್ಯಾಜ್ಯ

ವಂಶವೃಕ್ಷದಿಂದ ಕಡೆಗೆ ಇಕ್ಕಟ್ಟಿಗೆ ಸಿಲುಕಿದ್ದು ಡ್ರಾಸೊಫಿಲ ಎಂಬ ಹೆಸರೇ. ಸಾವಿರದೈನೂರಕ್ಕೂ ಮೀರಿದ ಪ್ರಭೇದಗಳುಳ್ಳ ಈ ಕುಲದ ನಡುವೆ, ಬೇರೆ ಕುಲಗಳೆಂದು ಎಣಿಸಿಕೊಂಡಿದ್ದ ನೊಣಗಳು ಹಲವು ಕಡೆ ಕವಲೊಡೆದಿರುವುದು ಜೀನುಗಳಿಂದ ಸ್ಪಷ್ಟವಾಯಿತು. ಒಡೆದು ಸರಿಪಡಿಸೋಣವೆಂದರೆ, ನಿಯಮದ ಪ್ರಕಾರ ಡ್ರಾಸೊಫಿಲ ಎಂಬ ಹೆಸರು ಕುಲದ ಮಾದರಿ ಪ್ರಭೇದವಾದ ಫ್ಯೂನೆಬ್ರಿಸಿನ ಪಾಲಿಗೆ ಹೋಗಿ, ಶತಮಾನದಿಂದ ಪ್ರಯೋಗಾಲಯಗಳನ್ನಾಳಿದ ಮೆಲನೊಗ್ಯಾಸ್ಟರ್ ಸೊಫೊಫೊರ ಎಂಬ ಅಪರಿಚಿತ ನಾಮವನ್ನು ಹೊರಬೇಕಾಗುತ್ತದೆ. ಮಾದರಿಯ ಸ್ಥಾನವನ್ನು ಮೆಲನೊಗ್ಯಾಸ್ಟರಿಗೆ ಕೊಡಬೇಕೆಂದು ಸಲ್ಲಿಸಿದ ಅರ್ಜಿಯನ್ನು ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಆಯೋಗವು 2010ರಲ್ಲಿ ತಳ್ಳಿಹಾಕಿತು. ಕುಲವನ್ನು ಒಡೆಯಲು ಹೆಚ್ಚಿನ ವಿದ್ವಾಂಸರು ಮನಸ್ಸು ಮಾಡಿಲ್ಲವಾದ್ದರಿಂದ, ವೃಕ್ಷ ಏನೇ ಹೇಳಲಿ, ಸೀಸೆಗಳ ಮೇಲಿನ ಚೀಟಿಗಳಲ್ಲಿ ಹಳೆಯ ಹೆಸರೇ ನಡೆಯುತ್ತಿದೆ.